ಅರ್ಧ ಔಷಧಿಯ ಕೈಗುಣ

ಪಶು ಆಸ್ಪತ್ರೆಯಲ್ಲಿ ಮೂವತ್ತೊಂದು ವರ್ಷ ಔಷಧಿ ಬೆರೆಸಿ ಕೊಟ್ಟು ನಿವೃತ್ತನಾದ ಕಾಂಪೌಂಡರನಿಗೆ ಆ ಬೀದಿಯಲ್ಲಿ ಡಾಕ್ಟರಿಗಿಂತ ಒಂದು ಗುಲಗಂಜಿ ತೂಕ ಹೆಚ್ಚೇ ಮರ್ಯಾದೆಯಿತ್ತು. ಡಾಕ್ಟರುಗಳು ಬರುತ್ತಾರೆ, ಬೋರ್ಡಿನ ಮೇಲೆ ಹೆಸರು ಬರೆಸಿಕೊಳ್ಳುತ್ತಾರೆ, ಬಣ್ಣ ಒಣಗುವ ಮೊದಲೇ ವರ್ಗವಾಗಿ ಹೋಗುತ್ತಾರೆ. ಕಾಂಪೌಂಡರ್ ಎಲ್ಲಿಗೂ ಹೋದವನಲ್ಲ. ಯಾರ ಹಿತ್ತಲಲ್ಲಿ ಯಾವ ಕೋಳಿ ಮಂಕಾದರೂ ಜನ ಮೊದಲು ಬಡಿಯುತ್ತಿದ್ದದ್ದು ಅವನ ಬಾಗಿಲನ್ನೇ. ‘ಅವರ ಕೈಗುಣವೇ ಬೇರೆ’ ಎನ್ನುವ ಮಾತನ್ನು ಅವನು ಅದೆಷ್ಟು ಸಲ ಕೇಳಿದ್ದನೆಂದರೆ, ಅದು ಯಾರೋ ಪ್ರೀತಿಯಿಂದ ಆಡಿದ ಮಾತು ಎಂಬುದೇ ಮರೆತುಹೋಗಿತ್ತು. ತನಗೆ ಮೂಗು ಇದೆ, ಕಿವಿ ಇದೆ, ಹಾಗೇ ಕೈಗುಣವೂ ಇದೆ ಎಂದು ತಿಳಿದಿದ್ದ. ಮನುಷ್ಯ ಕೆಡುವುದು ಇಂಥ ಕಡೆಯೇ.

ಆ ಹೆಸರು ಬಂದ ಬಗೆ ಹೀಗೆ. ಅವನು ಕೆಲಸಕ್ಕೆ ಸೇರಿದ ಕಾಲದಲ್ಲಿ ಆಸ್ಪತ್ರೆಗೆ ಔಷಧಿ ಬರುತ್ತಿದ್ದದ್ದು ಮೂರು ತಿಂಗಳಿಗೊಮ್ಮೆ. ಎರಡನೇ ತಿಂಗಳಿಗೇ ಕಪಾಟಿನಲ್ಲಿ ಬಾಟಲಿಗಳ ತಳ ಕಾಣುತ್ತಿತ್ತು. ಹೊರಗೆ ಬೆಂಚಿನ ಮೇಲೆ ಬುಟ್ಟಿಯಲ್ಲಿ ಕೋಳಿ ಇಟ್ಟುಕೊಂಡು ಹೆಂಗಸರು ಕಾಯುತ್ತಿದ್ದರು. ಅವರ ಕೋಳಿಗಳಿಗೆಲ್ಲ ಒಂದೇ ರೋಗ: ಹೊಟ್ಟೆ ತುಂಬ ಜಂತುಹುಳು. ತಲೆಯ ಮೇಲಿನ ಕೆಂಪು ಜುಟ್ಟು ಬಿಳಿಚಿಕೊಂಡಿರುತ್ತಿತ್ತು, ಎದೆಮೂಳೆ ಕೈಗೆ ಚುಚ್ಚುತ್ತಿತ್ತು, ಮೊಟ್ಟೆ ನಿಂತಿರುತ್ತಿತ್ತು. ಒಬ್ಬಳಿಗೆ ಕೊಟ್ಟು ಇನ್ನೊಬ್ಬಳನ್ನು ಬರಿಗೈಲಿ ಕಳಿಸುವುದು ಅವನ ಕೈಲಿ ಆಗುತ್ತಿರಲಿಲ್ಲ. ಒಬ್ಬಳ ಪಾಲನ್ನು ಇಬ್ಬರಿಗೆ ಹಂಚಿ, ಕಡಿಮೆ ಬಿದ್ದದ್ದಕ್ಕೆ ನೀರು ತುಂಬಿ, ಚೆನ್ನಾಗಿ ಕುಲುಕಿ ಕೊಡುತ್ತಿದ್ದ. ಕೋಳಿ ನಾಲ್ಕು ಹುಳ ಉದುರಿಸುತ್ತಿತ್ತು. ಹಿಕ್ಕೆಯಲ್ಲಿ ಹುಳ ಕಂಡವರು ಔಷಧಿ ನಾಟಿತು ಎಂದು ಸಂತೋಷಪಡುತ್ತಿದ್ದರು. ಹೊಟ್ಟೆಯಲ್ಲಿ ಉಳಿದದ್ದನ್ನು ಎಣಿಸಿದವರು ಯಾರು?

ಇಲ್ಲಿಯವರೆಗೆ ಅವನನ್ನು ಬೈಯುವಂಥದ್ದೇನೂ ಇಲ್ಲ. ಇಲ್ಲದ ಕಾಲದಲ್ಲಿ ಇದ್ದದ್ದನ್ನು ಹಂಚಿದ, ಅಷ್ಟೆ. ಆದರೆ ಇಲ್ಲದ ಕಾಲ ಮುಗಿಯಿತು. ಔಷಧಿ ಬೇಕಾದಷ್ಟು ಬರತೊಡಗಿತು, ಕಪಾಟು ತುಂಬಿತು. ಅವನ ಕೈ ಮಾತ್ರ ಅದೇ ಅರ್ಧಕ್ಕೆ ನಿಲ್ಲುತ್ತಿತ್ತು. ಕೈ ಒಂದು ಮಾಡಿದ ಮೇಲೆ ಬಾಯಿ ಅದಕ್ಕೊಂದು ಕಾರಣ ಹುಡುಕಬೇಕಲ್ಲ, ಹುಡುಕಿತು. “ಕೋಳಿ ಅಂದ್ರೆ ಎಷ್ಟು, ಒಂದು ಹಿಡಿ ಜೀವ. ಕಂಪನಿಯೋರು ಮಾರಾಟ ಆಗ್ಲಿ ಅಂತ ಜಾಸ್ತಿ ಬರೀತಾರೆ. ಸ್ವಲ್ಪ ಕೊಡ್ಬೇಕು, ಬಿಡದೆ ಕೊಡ್ಬೇಕು,” ಎಂದು ಹೆಂಡತಿಯ ಮುಂದೆ ತತ್ವ ಹೇಳುತ್ತಿದ್ದ.

ನಿವೃತ್ತನಾದ ಮೇಲೆ ಈ ಕಾರುಬಾರು ಅಕ್ಕನ ಹಿತ್ತಲಿಗೆ ಬಂತು. ಅಕ್ಕ ಅವನಿಗಿಂತ ಒಂಬತ್ತು ವರ್ಷ ದೊಡ್ಡವಳು. ಗಂಡ ಸತ್ತು, ಮಕ್ಕಳಿಲ್ಲದೆ, ಬೀದಿಯ ಕೊನೆಯ ಎರಡು ಕೋಣೆಯ ಮನೆಯಲ್ಲಿದ್ದಳು. ಮನೆಗಿಂತ ಹಿತ್ತಲೇ ದೊಡ್ಡದು. ಕಾಲಲ್ಲಿ ತುಳಿಯುವ ಹೊಲಿಗೆ ಯಂತ್ರದಲ್ಲಿ ಶಾಲೆ ಮಕ್ಕಳ ಬಟ್ಟೆ ಹೊಲಿದು ಇವನನ್ನು ಕಾಂಪೌಂಡರ್ ಮಾಡಿದವಳು ಅವಳೇ. ಈಗ ಕಣ್ಣು ಸೂಜಿಗೆ ಒಗ್ಗುತ್ತಿರಲಿಲ್ಲ. ಇಪ್ಪತ್ತಾರು ಕೋಳಿ ಸಾಕಿದ್ದಳು. ಚೆನ್ನಾಗಿ ಇಡುವ ಕೋಳಿಯ ಮೊಟ್ಟೆಯನ್ನೇ ಆರಿಸಿ ಕಾವಿಗೆ ಕೂರಿಸಿ, ಮರಿ ಮಾಡಿ, ಬೀದಿಯವರಿಗೆ ಕೊಟ್ಟು ಕೊಟ್ಟು, ಈಗ ಹನ್ನೊಂದು ಮನೆಯ ಹಿತ್ತಲಲ್ಲಿ ಅವಳ ಕೋಳಿಗಳ ಸಂತಾನವೇ ಓಡಾಡುತ್ತಿತ್ತು. “ಈ ಬೀದೀಲಿ ಕೂಗೋವೆಲ್ಲಾ ನನ್ನ ಮೊಮ್ಮಕ್ಕಳೇ,” ಎನ್ನುತ್ತಿದ್ದಳು. ಅದು ಅವಳ ಒಂದೇ ಜಂಬ, ಅದನ್ನು ಯಾರೂ ತಪ್ಪೆಣಿಸುತ್ತಿರಲಿಲ್ಲ.

ತಿಂಗಳ ಮೊದಲ ದಿನ ಅವಳ ಹಿತ್ತಲಲ್ಲಿ ಔಷಧಿಯ ದಿನ. ತಮ್ಮನೇ ಆಸ್ಪತ್ರೆಯಿಂದ ಬಾಟಲಿ ತರುತ್ತಿದ್ದ. ಅಡುಗೆಮನೆಯ ಹಿಂದೆ, ನಲ್ಲಿಯ ಹತ್ತಿರ, ಅಕ್ಕ ದೊಡ್ಡ ಕ್ಯಾನಿಗೆ ನೀರು ಹಿಡಿದು ಔಷಧಿ ಬೆರೆಸುತ್ತಿದ್ದಳು. ಹೊರಗೆ ಸ್ಟೂಲಿನ ಮೇಲೆ ಕಾಲಿನ ಮೇಲೆ ಕಾಲು ಹಾಕಿ ಕುಳಿತ ಕಾಂಪೌಂಡರ್ ಬಂದ ಹೆಂಗಸರಿಗೆ ಬುದ್ಧಿ ಹೇಳುತ್ತಿದ್ದ: ಬೆಳಿಗ್ಗೆ ಸ್ವಲ್ಪ ಹೊತ್ತು ನೀರು ಕೊಡಬೇಡಿ, ಬಾಯಾರಿದ ಮೇಲೆ ಇದನ್ನೇ ಇಡಿ. ಒಬ್ಬೊಬ್ಬರೂ ತಂದ ಸೀಸೆಗೆ ಅಕ್ಕ ಸೌಟಿನಲ್ಲಿ ಅಳೆದು ಹಾಕುತ್ತಿದ್ದಳು. ಕ್ಯಾನಿನೊಳಗೆ ಬಿದ್ದದ್ದೆಷ್ಟು ಎಂದು ಗೊತ್ತಿದ್ದದ್ದು ಒಡಹುಟ್ಟಿದ ಇಬ್ಬರಿಗೆ ಮತ್ತು ಕಾಂಪೌಂಡರನ ಹೆಂಡತಿಗೆ ಮಾತ್ರ. ಕ್ಯಾನಿಗೆ ಎರಡು ಬಾಟಲಿ ಎಂದು ಔಷಧಿಯ ಜೊತೆ ಬರುವ ಚೀಟಿಯಲ್ಲಿತ್ತು. ಒಂದು ಎಂದು ಅವನ ಆಜ್ಞೆ.

“ಇದರ ಮೇಲೆ ಎರಡು ಅಂತ ಬರೆದಿದೆಯಲ್ಲೋ,” ಎಂದು ಅಕ್ಕ ಒಂದು ಸಲ ಚೀಟಿಯನ್ನು ಕಣ್ಣಿನ ಹತ್ತಿರ ಹಿಡಿದು ಕೇಳಿದ್ದಳು.

“ನೀನು ಓದಿರೋದೆಷ್ಟು, ನಾನು ಅಳೆದಿರೋದೆಷ್ಟು? ಸುಮ್ನೆ ಹೇಳಿದಷ್ಟು ಹಾಕು.”

ಅಕ್ಕ ಹೇಳಿದಷ್ಟು ಹಾಕಿದಳು. ಆಮೇಲೆ ಆರು ವರ್ಷ ಹಾಕಿದಳು.

ಇನ್ನೂ ಒಂದಿತ್ತು. ಔಷಧಿಯ ಜೊತೆಗೆ ಹೇಳಬೇಕಾದ ಮಾತುಗಳನ್ನು ಅವನು ಹೇಳುತ್ತಿರಲಿಲ್ಲ. ಹಿಕ್ಕೆ ಗುಡಿಸಿ ತೆಗೆಯಿರಿ, ಕಾಳು ನೆಲಕ್ಕೆ ಚೆಲ್ಲಬೇಡಿ, ತೊಟ್ಟಿಯಲ್ಲಿಡಿ, ಗೂಡಿನ ನೆಲ ಒಣಗಿರಲಿ, ಒದ್ದೆಯಲ್ಲಿ ಹುಳದ ಮೊಟ್ಟೆ ತಿಂಗಳುಗಟ್ಟಲೆ ಬದುಕಿರುತ್ತದೆ, ಇದೆಲ್ಲ ಅವನಿಗೆ ಬಾಯಿಪಾಠವೇ. ಆದರೆ ಹಿಕ್ಕೆ ಗುಡಿಸು ಎಂದು ಹೇಳಿದವನಿಗೆ ಕೈಗುಣ ಇದೆ ಎಂದು ಯಾರಾದರೂ ಅನ್ನುತ್ತಾರೆಯೇ? ಮರ್ಯಾದೆ ಇದ್ದದ್ದು ಸೀಸೆಯಲ್ಲಿ.

ಆ ವರ್ಷ ಮಳೆ ಜಾಸ್ತಿಯಾಗಿ ಹಿತ್ತಲು ವಾರಗಟ್ಟಲೆ ಆರಲಿಲ್ಲ. ಅಕ್ಕನ ಕೋಳಿಗಳು ಒಂದೊಂದಾಗಿ ರೆಕ್ಕೆ ಇಳಿಬಿಟ್ಟು ಮೂಲೆ ಹಿಡಿದವು. ದಿನಕ್ಕೆ ಹದಿನೆಂಟು ಮೊಟ್ಟೆ ಬರುತ್ತಿದ್ದ ಕಡೆ ಒಂಬತ್ತು, ಆಮೇಲೆ ನಾಲ್ಕು. ಮೊದಲು ಮುದುಕಿ ಕೋಳಿ ಸತ್ತಿತು, ವಯಸ್ಸಾಗಿತ್ತು ಅಂದುಕೊಂಡರು. ಮರುವಾರ ಮೂರು ಸತ್ತವು. ಅವಕ್ಕೇನೂ ವಯಸ್ಸಾಗಿರಲಿಲ್ಲ. ಬೀದಿಯ ಬೇರೆ ಹಿತ್ತಲುಗಳಿಂದಲೂ ಅದೇ ಸುದ್ದಿ ಬಂತು.

“ರೀ, ನಿಮ್ಮಕ್ಕನ ಕೋಳಿ ಎದೆಮೂಳೆ ಹಿಡ್ಕೊಂಡು ತರಕಾರಿ ಹೆಚ್ಚಬಹುದು. ನಿಮ್ಮ ಅರ್ಧದ ತತ್ವ ಸ್ವಲ್ಪ ಪಕ್ಕಕ್ಕಿಡಿ,” ಎಂದಳು ಹೆಂಡತಿ.

“ಗೊತ್ತಿಲ್ಲದ್ದರಲ್ಲಿ ಮೂಗು ತೂರಿಸ್ಬೇಡ,” ಎಂದ ಅವನು. ಆದರೆ ಹೆಂಡತಿ ಒಳಗೆ ಹೋದ ಮೇಲೆ ಔಷಧಿಯ ಪೆಟ್ಟಿಗೆಯಿಂದ ಮಡಿಚಿದ ಚೀಟಿ ತೆಗೆದು, ಕನ್ನಡಕ ಹಾಕಿಕೊಂಡು, ಜೀವಮಾನದಲ್ಲಿ ಮೊದಲ ಬಾರಿಗೆ ಕೊನೆಯ ಸಾಲಿನವರೆಗೆ ಓದಿದ. ಪ್ರಮಾಣ ಕಡಿಮೆಯಾದರೆ ಹುಳುಗಳು ಔಷಧಿಗೆ ಒಗ್ಗಿಕೊಳ್ಳುತ್ತವೆ, ಮುಂದೆ ಪೂರ್ತಿ ಕೊಟ್ಟರೂ ನಾಟದೆ ಹೋಗಬಹುದು ಎಂದು ಸಣ್ಣಕ್ಷರದಲ್ಲಿ ಬರೆದಿತ್ತು. ಅಂಥ ಚೀಟಿಗಳಲ್ಲಿ ಅವನು ಮೂವತ್ತೊಂದು ವರ್ಷ ಮಾತ್ರೆ ಕಟ್ಟಿ ಕೊಟ್ಟಿದ್ದ. ಯಾರಾದರೂ ನೋಡಿಯಾರು ಎನ್ನುವಂತೆ ಚೀಟಿಯನ್ನು ಮಡಿಚಿ ಪೆಟ್ಟಿಗೆಯ ತಳಕ್ಕೆ ಹಾಕಿದ.

ಮುಂದಿನ ತಿಂಗಳ ಮೊದಲ ದಿನ ಅಡುಗೆಮನೆಯ ಹಿಂದೆ ಬಂದು, ಅಕ್ಕನ ಕಡೆ ನೋಡದೆ, “ಈ ಸಲ ಎರಡು ಹಾಕು,” ಎಂದ.

ಬಾಟಲಿ ಹಿಡಿದ ಅಕ್ಕನ ಕೈ ಅಲ್ಲೇ ನಿಂತಿತು. ಅವನ ಮುಖ ನೋಡಿದಳು. ಎರಡು ಹಾಕಿದಳು.

ಎರಡು ಹಾಕಿದರೂ ಹುಳುಗಳು ಜಗ್ಗಲಿಲ್ಲ. ಆ ವಾರ ಇನ್ನೂ ಐದು ಕೋಳಿ ಸತ್ತವು. ಐದನೆಯದನ್ನು ಅಕ್ಕ ಹೂಳಲಿಲ್ಲ. ಚೀಲಕ್ಕೆ ಹಾಕಿಕೊಂಡು ತಮ್ಮನ ಬಾಗಿಲಿಗೆ ಬಂದಳು. “ಆಸ್ಪತ್ರೆಗೆ ಹೋಗೋಣ ಬಾ. ಹೊಸ ಡಾಕ್ಟರಮ್ಮ ಬಂದಿದ್ದಾರಂತೆ, ಕೊಯ್ದು ನೋಡ್ತಾರಂತೆ.”

“ಆ ಹುಡುಗಿಗೇನು ಗೊತ್ತಿರುತ್ತೆ? ಇನ್ನೊಂದು ವಾರ ನೋಡೋಣ.”

“ನೋಡೋಕೆ ಇನ್ನು ಕೋಳಿ ಬೇಕಲ್ಲೋ,” ಎಂದು ಅಕ್ಕ ಒಬ್ಬಳೇ ನಡೆದಳು.

ಡಾಕ್ಟರಮ್ಮ ಆಸ್ಪತ್ರೆಯಲ್ಲಿ ಕೂತು ನೋಡಲಿಲ್ಲ, ಅಕ್ಕನ ಜೊತೆ ಹಿತ್ತಲಿಗೇ ಬಂದಳು. ಸುದ್ದಿ ತಿಳಿದು ಬೀದಿಯ ಹೆಂಗಸರೆಲ್ಲ ಸೇರಿದರು. ಕಾಂಪೌಂಡರ್ ಬರದೇ ಇರುವ ಹಾಗಿರಲಿಲ್ಲ. ಬಂದು ಗೋಡೆಗೆ ಒರಗಿ ನಿಂತ. ಡಾಕ್ಟರಮ್ಮ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಸತ್ತ ಕೋಳಿಯನ್ನು ಮಲಗಿಸಿ ಹೊಟ್ಟೆ ಸೀಳಿದಳು. ಕರುಳಿನೊಳಗೆ ಗೇಣುದ್ದಕ್ಕೂ ಹುಳ, ಬಿಳೀ ನೂಲು ತುರುಕಿದ ಹಾಗೆ. ಮುಂದಿದ್ದ ಹೆಂಗಸು ಬಾಯಿಗೆ ಬಟ್ಟೆ ಹಿಡಿದಳು.

“ಇವು ಔಷಧಿ ಕಾಣದ ಹುಳ ಅಲ್ಲ,” ಎಂದಳು ಡಾಕ್ಟರಮ್ಮ. “ಕಂಡಿವೆ. ಸಾಯೋವಷ್ಟು ಕಂಡಿಲ್ಲ. ವರ್ಷಗಟ್ಲೆ ಅರ್ಧಂಬರ್ಧ ಕೊಟ್ರೆ ಮೆತ್ತಗಿರೋ ಹುಳ ಸಾಯ್ತವೆ, ಗಟ್ಟಿ ಹುಳ ಉಳ್ಕೊಂಡು ವಂಶ ಬೆಳೆಸ್ತವೆ. ಈ ಬೀದಿಗೆಲ್ಲ ಔಷಧಿ ಬೆರೆಸ್ತಿದ್ದೋರು ಯಾರು? ಎಷ್ಟು ಹಾಕ್ತಿದ್ರಿ?”

ಕಾಂಪೌಂಡರ್ ಚಪ್ಪಲಿಯ ತುದಿಯಿಂದ ಮಣ್ಣು ಕೆದಕಿದ. ಹೆಂಗಸರೆಲ್ಲ ಅವನ ಕಡೆ ತಿರುಗಿದ್ದರು, ಬೈಯುವುದಕ್ಕಲ್ಲ, ಅವನೇ ಉತ್ತರ ಹೇಳಲಿ ಎಂದು. ಮೂವತ್ತೊಂದು ವರ್ಷದ ಹೆಸರು ಆ ಒಗೆಯುವ ಕಲ್ಲಿನ ಮೇಲೆ ಕರುಳು ಬಿಚ್ಚಿಕೊಂಡು ಬಿದ್ದಿತ್ತು.

“ಬೆರೆಸ್ತಿದ್ದೋಳು ನಾನು,” ಎಂದಳು ಅಕ್ಕ. “ಎರಡು ಬಾಟಲಿ ಹಾಕು ಅಂತ ನಮ್ಮ ತಮ್ಮ ಹೇಳಿದ್ದ. ಉಳಿಯುತ್ತಲ್ಲ ಅಂತ ನಾನೇ ಒಂದು ಹಾಕ್ತಿದ್ದೆ.”

“ಎಷ್ಟು ದಿನದಿಂದ?”

“ಮೊದಲಿಂದ.”

ಡಾಕ್ಟರಮ್ಮನಿಗೆ ಸಿಟ್ಟು ಬಂತು. ಚಿಕ್ಕ ವಯಸ್ಸು, ಮುಚ್ಚಿಡಲು ಬರುತ್ತಿರಲಿಲ್ಲ. “ಏನಮ್ಮ ನೀವು, ಇಷ್ಟು ವಯಸ್ಸಾಗಿದೆ. ಒಂದು ಬಾಟಲಿ ಉಳಿಸೋಕೆ ಹೋಗಿ ಹನ್ನೊಂದು ಮನೆ ಕೋಳಿ ಹಾಳು ಮಾಡಿದ್ರಲ್ಲ. ಹೇಳಿದ್ದು ಕೇಳ್ಬೇಕು ತಾನೇ?” ಅಕ್ಕ ತಲೆ ಆಡಿಸಿದಳು. ಹೆಂಗಸರ ನಡುವೆ ಗುಸುಗುಸು ಎದ್ದಿತು. ಕಾಂಪೌಂಡರ್ ಗೋಡೆಯಿಂದ ಬೆನ್ನು ತೆಗೆದ, ಬಾಯಿ ತೆರೆದ, ಮತ್ತೆ ಒರಗಿಕೊಂಡ. ಒಂದೇ ಒಂದು ಮಾತು ಸಾಕಾಗಿತ್ತು. ಪಾಪಿ, ಅದನ್ನೂ ಆಡಲಿಲ್ಲ.

ಡಾಕ್ಟರಮ್ಮ ಬೇರೆ ಔಷಧಿ ಬರೆದುಕೊಟ್ಟಳು. ಪೂರ್ತಿ ಕೊಡಬೇಕು, ಮೂರು ವಾರಕ್ಕೆ ಮತ್ತೆ ಪೂರ್ತಿ ಕೊಡಬೇಕು, ತಾನು ಹೇಳುವ ತನಕ ಮೊಟ್ಟೆ ತಿನ್ನದೆ ಹೂಳಬೇಕು. ಗೂಡಿನ ಹಳೆ ಹೊಟ್ಟು ತೆಗೆದು ಒಣಗಿದ್ದು ಹಾಸಬೇಕು, ಮರಿಗಳನ್ನು ದೊಡ್ಡ ಕೋಳಿಗಳಿಂದ ಬೇರೆ ಇಡಬೇಕು. ಅಕ್ಕನ ಹಿತ್ತಲಿಗೆ ಮಾತ್ರ ಬೇರೆ ತೀರ್ಪು. ಅಲ್ಲಿ ಉಳಿದಿದ್ದ ಕೋಳಿಗಳು ಸುಧಾರಿಸುವ ಹಂತ ದಾಟಿದ್ದವು. ಅವನ್ನು ತೆಗೆದುಬಿಡಬೇಕು, ಮೇಲಿನ ಮಣ್ಣು ಕೆರೆದು, ಸುಣ್ಣ ಚೆಲ್ಲಿ, ಒಂದು ವರ್ಷ ಒಂದು ಕೋಳಿಯೂ ಅಲ್ಲಿ ಕಾಲಿಡಬಾರದು ಎಂದಳು.

ಮರುದಿನ ಆಸ್ಪತ್ರೆಯ ಆಳು ಬಂದ. ಅಕ್ಕ ಒಂದೊಂದನ್ನೇ ಹಿಡಿದು, ರೆಕ್ಕೆ ಸರಿಮಾಡಿ, ಅವನ ಕೈಗೆ ಕೊಟ್ಟಳು. ಎಲ್ಲ ಮುಗಿದ ಮೇಲೆ ನಲ್ಲಿಯಡಿ ಮೊಣಕೈವರೆಗೆ ಕೈ ತೊಳೆದುಕೊಂಡಳು. ಕಾಂಪೌಂಡರನಿಗೆ ಅವತ್ತು ಸೊಂಟ ನೋವು ಬಂದಿತ್ತು.

ಅಂದಿನಿಂದ ಅಕ್ಕನ ಹೆಸರು ‘ಜಿಪುಣಿ’ ಎಂದಾಯಿತು. ಉಳಿಸಿದ ಬಾಟಲಿಗಳನ್ನು ಏನು ಮಾಡಿದಳೋ ಎಂದು ಕೆಲವರು, ತಮ್ಮನ ಹೆಸರಿಗೂ ಮಸಿ ಬಳಿಯುತ್ತಿದ್ದಳಲ್ಲ ಎಂದು ಕೆಲವರು. ಅವಳಿಂದ ಮರಿ ತೆಗೆದುಕೊಂಡು ಕೋಳಿ ಸಾಕಲು ಕಲಿತವರೇ ಎದುರು ಸಿಕ್ಕರೆ ಚೀಲದಲ್ಲಿ ಏನೋ ಹುಡುಕುತ್ತ ದಾಟಿಕೊಳ್ಳುತ್ತಿದ್ದರು. ಕಾಂಪೌಂಡರನ ಮನೆಯಲ್ಲಿ ಮಾತು ಕಡಿಮೆಯಾಯಿತು. “ನಿಮ್ಮಕ್ಕನೂ ಬಾಯಿ ಬಿಡಲಿಲ್ಲ, ನಾನೂ ಬಿಡಲ್ಲ,” ಎಂದಳು ಹೆಂಡತಿ. “ಆದ್ರೆ ಇನ್ಮೇಲೆ ನನ್ನ ಮುಂದೆ ಕೈಗುಣದ ಮಾತು ಎತ್ತಬೇಡಿ.”

ಹದಿನೈದು ದಿನ ಕಳೆದ ಮೇಲೆ ಡಾಕ್ಟರಮ್ಮ ಆಸ್ಪತ್ರೆಯ ತಗಡಿನ ಶೆಡ್ಡಿನಲ್ಲಿ ಕೋಳಿ ಸಾಕುವವರ ಸಭೆ ಕರೆದಳು. “ಸಾರ್, ನಾನು ಹೇಳಿದ್ರೆ ಒಂದು ಕಿವೀಲಿ ಕೇಳಿ ಇನ್ನೊಂದರಲ್ಲಿ ಬಿಡ್ತಾರೆ. ನೀವು ಹೇಳಿದ್ರೆ ಮಾಡ್ತಾರೆ,” ಎಂದು ಕಾಂಪೌಂಡರನನ್ನೇ ಮಾತಾಡಲು ಕರೆದಳು. ಪೂರ್ತಿ ಪ್ರಮಾಣದ ಬಗ್ಗೆ ನಾಲ್ಕು ಮಾತು ಹೇಳಿ ಕೂರುವುದು ಎಂದುಕೊಂಡೇ ಅವನು ಎದ್ದು ನಿಂತದ್ದು. ಎದುರಿಗೆ ನಲವತ್ತು ಜನ, ಮೂರನೇ ಸಾಲಿನಲ್ಲಿ ಅಕ್ಕ. ಒಂದು ಕೋಳಿಯೂ ಇಲ್ಲದವಳು ಯಾಕೆ ಬಂದಿದ್ದಳೋ. ತಮ್ಮ ಮಾತಾಡುತ್ತಾನೆಂದು ಬಂದಿರಬೇಕು.

ಮೊದಲು ಚೆನ್ನಾಗಿಯೇ ಹೇಳಿದ. ತೊಟ್ಟಿ, ಒಣ ನೆಲ, ಹಿಕ್ಕೆ, ಬಿಸಿಲು, ಇಷ್ಟು ವರ್ಷ ಹೇಳದೆ ಬಿಟ್ಟದ್ದೆಲ್ಲ ಸರಾಗವಾಗಿ ಬಂತು. ಜನ ತಲೆದೂಗಿದರು. ತಲೆದೂಗುವ ಜನರನ್ನು ಕಂಡರೆ ಅವನ ನಾಲಗೆಗೆ ಲಗಾಮಿರುತ್ತಿರಲಿಲ್ಲ. ಅಳತೆಯ ಮಾತು ಬಂದಾಗ ಕೈ ಚಾಚಿ ಮೂರನೇ ಸಾಲು ತೋರಿಸಿದ. “ನಮ್ಮಕ್ಕನ್ನೇ ನೋಡಿ. ಒಂದು ಬಾಟಲಿ ಉಳಿಸಿದ್ಲು, ಇಪ್ಪತ್ತಾರು ಕೋಳಿ ಕಳ್ಕೊಂಡ್ಲು. ಕಾಂಪೌಂಡರ್ ಒಡಹುಟ್ಟಿದೋಳೇ ಕಾಂಪೌಂಡರ್ ಮಾತು ಕೇಳಲ್ಲ ಅಂದ್ಮೇಲೆ ಹುಳ ಎಲ್ಲಿ ಕೇಳುತ್ತೆ?”

ಶೆಡ್ಡು ತುಂಬ ನಗು. ಡಾಕ್ಟರಮ್ಮನೂ ನಕ್ಕಳು. ಅಕ್ಕ ಕೂಡ ತುಟಿಯಲ್ಲಿ ಒಂದಿಷ್ಟು ನಗು ತಂದುಕೊಂಡು, ತೊಡೆಯ ಮೇಲಿದ್ದ ಚೀಲದ ಬಾಯನ್ನು ಮಡಿಚಿ ಬಿಚ್ಚಿ ಮಾಡುತ್ತ ಕುಳಿತಳು. ಚಪ್ಪಾಳೆ ಬಿದ್ದಾಗ ಅವಳೂ ತಟ್ಟಿದಳು.

ಆ ನಗು ನಾಲ್ಕು ದಿನ ಅವನ ಕಿವಿಯಲ್ಲೇ ಉಳಿಯಿತು. ಐದನೇ ದಿನ ಮಧ್ಯಾಹ್ನ ಚಪ್ಪಲಿ ಮೆಟ್ಟಿಕೊಂಡು ಅಕ್ಕನ ಹಿತ್ತಲಿಗೆ ಹೋದ. ನೆಲವೆಲ್ಲ ಸುಣ್ಣ. ಗೂಡಿನ ಬಾಗಿಲು ತೆರೆದಿತ್ತು. ಅಕ್ಕ ಕಾಲು ಚಾಚಿ ಕೂತು, ಮೊಟ್ಟೆಯಿಡುವ ಬುಟ್ಟಿಗಳನ್ನು ಬಿಸಿನೀರಲ್ಲಿ ಉಜ್ಜಿ ಬೋರಲು ಹಾಕುತ್ತಿದ್ದಳು.

“ಅಕ್ಕ, ನಾನು ಎಲ್ಲರಿಗೂ ಹೇಳಿಬಿಡ್ತೀನಿ.”

“ಏನಂತ?”

“ಒಂದೇ ಹಾಕು ಅಂದಿದ್ದು ನಾನು ಅಂತ.”

ಅಕ್ಕ ಉಜ್ಜುವುದನ್ನು ನಿಲ್ಲಿಸಲಿಲ್ಲ. “ಈಗ ಬೇಡ. ಎರಡನೇ ಸಲದ್ದು ಕೊಡೋದು ಇನ್ನೂ ಬಾಕಿ ಇದೆ. ನೀನು ಹೇಳ್ತಿದೀಯ ಅಂತ ಅವರು ಪೂರ್ತಿ ಹಾಕ್ತಿರೋದು. ನಿನ್ನ ಮೇಲೆ ನಂಬಿಕೆ ಹೋದ್ರೆ ಅರ್ಧ ಜನ ಹಾಕೋದೇ ಇಲ್ಲ. ಅವೆಲ್ಲ ನನ್ನ ಕೋಳಿ ಮರಿಗಳು ಕಣೋ. ಅವಾದ್ರೂ ಉಳೀಲಿ.”

ಅವನ ಎದೆಯಿಂದ ದೊಡ್ಡ ಭಾರ ಇಳಿಯಿತು. ಅದು ಮುಖದ ಮೇಲೂ ಕಂಡಿರಬೇಕು. ಅಕ್ಕ ಬುಟ್ಟಿ ಕೆಳಗಿಟ್ಟು ಅವನನ್ನೇ ನೋಡಿದಳು.

“ಡಾಕ್ಟ್ರ ಮುಂದೆ ಸುಳ್ಳು ಹೇಳಿದೋಳು ನಾನು. ನನ್ನಿಷ್ಟ, ಹೇಳ್ದೆ. ನೀನು ಸುಮ್ನೆ ನಿಂತೆ, ಅದನ್ನೂ ನುಂಗ್ಕೊಂಡೆ. ಆದ್ರೆ ಶೆಡ್ಡಲ್ಲಿ ನನ್ನ ಮಾತು ಯಾಕೆ ತೆಗ್ದೆ? ನಿನ್ನನ್ನ ಯಾರಾದ್ರೂ ಕೇಳಿದ್ರಾ?”

ಯಾರೂ ಕೇಳಿರಲಿಲ್ಲ. ಅವನು ಸುಣ್ಣದ ಮೇಲೆ ಮೂಡಿದ್ದ ತನ್ನದೇ ಚಪ್ಪಲಿಯ ಗುರುತು ನೋಡುತ್ತ ನಿಂತ.

“ಇನ್ನು ಈ ಕಡೆ ಬರ್ಬೇಡ ಕಣಪ್ಪ,” ಎಂದಳು ಅಕ್ಕ. ದನಿ ಏರಿಸಲಿಲ್ಲ. ತೊಳೆದ ಬುಟ್ಟಿಗಳನ್ನು ಒಂದರೊಳಗೊಂದು ಇಟ್ಟು ಎತ್ತಿಕೊಂಡು ಒಳಗೆ ಹೋದಳು. ಹಿಂದಿನ ಬಾಗಿಲ ಚಿಲಕ ಬಿದ್ದ ಸದ್ದು ಕೇಳಿಸಿತು.

ಅವನು ಬೀದಿಗೆ ಬಂದ. ನಾಲ್ಕನೇ ಮನೆಯ ಹೆಂಗಸು ಕೈಯಲ್ಲಿ ಹೊಸ ಔಷಧಿಯ ಸೀಸೆ ಹಿಡಿದು ಅವನಿಗಾಗಿಯೇ ಕಾದವಳಂತೆ ಗೇಟಿನಲ್ಲಿ ನಿಂತಿದ್ದಳು.

“ಸಾರ್, ಈಗ ಕೋಳಿ ಚೆನ್ನಾಗಿವೆ, ಜುಟ್ಟೆಲ್ಲ ಕೆಂಪಾಗಿದೆ. ಎರಡನೇ ಸಲಾನೂ ಪೂರ್ತಿನೇ ಹಾಕ್ಬೇಕಾ? ಸ್ವಲ್ಪ ಕಡಿಮೆ ಮಾಡಿದ್ರೆ ನಡಿಯುತ್ತಾ?”

“ಪೂರ್ತಿ ಹಾಕಮ್ಮ. ಒಂದು ಹನಿ ಕಡಿಮೆ ಮಾಡ್ಬೇಡ.”

“ನೀವು ಹೇಳಿದ್ಮೇಲೆ ಮುಗೀತು ಬಿಡಿ.” ಅವಳು ಬೀದಿಯ ಕೊನೆಯ ಕಡೆ ನೋಡಿ ದನಿ ತಗ್ಗಿಸಿದಳು. “ನಿಮ್ಮಕ್ಕನಿಗೂ ಆಗ್ಲೇ ಹೀಗೆ ಬಿಡಿಸಿ ಹೇಳ್ಬಾರ್ದಿತ್ತಾ ಸಾರ್?”

“ಹೇಳ್ದೆ,” ಎಂದ ಕಾಂಪೌಂಡರ್. “ಕೇಳ್ಲಿಲ್ಲ.”